ಇಳಿಜಾರು ಮಂಚದ ಮೇಲೆ ಎರಡು ವಾರ

ನನ್ನ ತಂಗಿ ಕಣ್ಣಿನ ಡಾಕ್ಟರು. ಈ ಮಾತು ಕಿವಿಗೆ ಬೀಳದೆ ಸೊಲ್ಲಾಪುರದ ನನ್ನ ಅಂಗಡಿಯಿಂದ ಟಾವೆಲ್ ಕೊಂಡುಹೋದ ಗಿರಾಕಿ ಇರಲಿಕ್ಕಿಲ್ಲ. ಯಾರಾದರೂ ಅಂಚಿನ ನೇಯ್ಗೆ ನೋಡಲು ಟಾವೆಲನ್ನು ಕಣ್ಣಿನ ಹತ್ತಿರ ಹಿಡಿದರೆ ಸಾಕು, ನನಗೆ ಮಾತು ಶುರು ಮಾಡಲು ನೆವ ಸಿಕ್ಕಿತು. "ಚಶ್ಮಾ ನಂಬರ್ ಬದಲಾಗಿರಬೇಕ್ರಿ. ನಮ್ಮ ತಂಗಿನೇ ಕಣ್ಣಿನ ಡಾಕ್ಟರ್ ಅದಾಳ, ತೋರಸ್ರಿ" ಎನ್ನುತ್ತೇನೆ. ಗಲ್ಲಾದಲ್ಲಿ ಕೂತ ನನ್ನ ಹೆಂಡತಿ ಆಗ ಮುಖ ಆಚೆ ತಿರುಗಿಸಿ, "ಶುರು ಆತು" ಎಂದು ಗೋಡೆಗೆ ಹೇಳುತ್ತಾಳೆ. ಹೇಳಲಿ. ನಮ್ಮ ನಾಗಣಸೂರಿನ ಕನ್ನಡ ಸಾಲೆಯಲ್ಲಿ ನೆಲದ ಮೇಲೆ ಕೂತು ಕಲಿತ ಹುಡುಗಿ ಡಾಕ್ಟರಾದಳೆಂದರೆ ಅಣ್ಣನಾದವನು ಬಾಯಿ ಮುಚ್ಚಿಕೊಂಡು ಕೂಡಬೇಕೇ?

ಕೆಲವು ವರ್ಷದ ಹಿಂದೆ ಅವಳು ಇನ್ನೊಂದು ಕೆಲಸ ಹಿಡಿದಳು. ಬಾಹ್ಯಾಕಾಶಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲಿ ಇರುವವರ ಕಣ್ಣು ಕೆಡುತ್ತದಂತೆ. ಹೋಗುವಾಗ ಚೆನ್ನಾಗಿ ಓದುತ್ತಿದ್ದವರಿಗೆ ಅಲ್ಲಿ ಹತ್ತಿರದ ಅಕ್ಷರ ಮಸುಕಾಗುತ್ತದೆ, ಕೆಲವರಿಗೆ ತಿರುಗಿ ಬಂದ ಮೇಲೂ ಪೂರ್ತಿ ಸರಿಹೋಗುವುದಿಲ್ಲ. ಅದನ್ನು ತಡೆಯುವುದು ಹೇಗೆಂದು ನೋಡುವ ದೊಡ್ಡ ತಂಡವೊಂದು ಬೇರೆ ಊರಲ್ಲಿತ್ತು. ಆ ಕೆಲಸದಲ್ಲಿ ಸಣ್ಣದೊಂದು ಪಾಲು ನಮ್ಮ ಸೊಲ್ಲಾಪುರದ ಆಸ್ಪತ್ರೆಗೆ ಸಿಕ್ಕಿತು, ಆ ಪಾಲು ನನ್ನ ತಂಗಿಯದು. ಅಂದಿನಿಂದ ನನ್ನ ಬಾಯಿ ಇನ್ನಷ್ಟು ದೊಡ್ಡದಾಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಅದು ತಿಳಿಯುವಂತೆ ಹೇಳಿದವಳೂ ಅವಳೇ. ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದವಳು ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಟಾವೆಲ್ ತೋರಿಸಿ, "ಅಣ್ಣ, ತೊಯ್ದ ಟಾವೆಲ್ ತಂತಿ ಮ್ಯಾಲ ಹಾಕಿದ್ರ ನೀರು ಎಲ್ಲಿಗೆ ಬರ್ತದ?" ಎಂದಳು.

"ಕೆಳಗಿನ ಅಂಚಿಗೆ. ಇದನ್ನ ನನಗ ಕೇಳ್ತೀಯೇನು?" ಎಂದೆ.

"ನಮ್ಮ ಮೈಯಾಗಿನ ನೀರೂ ಹಂಗ, ಕಾಲಿನ ಕಡೀಗೆ ಇಳೀತದ. ಮ್ಯಾಲ ಹೋದವರಿಗೆ ಕೆಳಗ ಜಗ್ಗೋದು ಏನೂ ಇರಂಗಿಲ್ಲ. ಕಾಲಾಗಿನ ನೀರು ತಲಿಗೆ ಏರ್ತದ. ಮಾರಿ ಊದತದ, ಕಾಲು ಸಣ್ಣ ಆಗ್ತಾವ. ಕಣ್ಣಿನ ಹಿಂದ ಒತ್ತಡ ಬಿದ್ದು ಕಣ್ಣಿನ ಗುಡ್ಡಿ ಹಿಂದಿನ ಬಾಜೂ ಚಪ್ಪಟಿ ಆಗ್ತದ, ನರದ ಅಂಚು ಬಾವು ಬರ್ತದ. ಖರೇ ಕಾರಣ ಏನಂತ ಇನ್ನೂ ಪೂರಾ ಯಾರಿಗೂ ಗೊತ್ತಿಲ್ಲ."

ನೆಲದ ಮೇಲೆ ಇದನ್ನು ನೋಡಬೇಕೆಂದರೆ ಒಂದು ಉಪಾಯವಿದೆ. ಗಟ್ಟಿಮುಟ್ಟಾದ ಮನುಷ್ಯನನ್ನು ತಲೆಯ ಕಡೆ ತುಸು ತಗ್ಗಾದ ಮಂಚದ ಮೇಲೆ ಮಲಗಿಸಬೇಕು. ಎರಡು ವಾರ ಅವನು ಏಳಬಾರದು, ಕೂಡಬಾರದು, ತಲೆಗೆ ದಿಂಬು ಇಡಬಾರದು. ಊಟ, ಸ್ನಾನ, ಉಳಿದದ್ದು ಎಲ್ಲ ಮಲಗಿದಲ್ಲೇ. ಮಲಗಿದವರಲ್ಲಿ ಅರ್ಧ ಜನರಿಗೆ ದಿನದಲ್ಲಿ ಕೆಲವು ತಾಸು ತೊಡೆಗೆ ಪಟ್ಟಿ ಕಟ್ಟುತ್ತಾರೆ, ಕಾಲಿನ ರಕ್ತ ಕಾಲಲ್ಲೇ ಸ್ವಲ್ಪ ತಡೆದು ನಿಲ್ಲಲಿ ಎಂದು. ಉಳಿದವರಿಗೆ ಕಟ್ಟುವುದಿಲ್ಲ. ಎರಡೂ ಗುಂಪಿನವರ ಕಣ್ಣನ್ನು ಯಂತ್ರದಲ್ಲಿ ಮತ್ತೆ ಮತ್ತೆ ನೋಡಿ, ಪಟ್ಟಿಯಿಂದ ಉಪಯೋಗ ಉಂಟೋ ಇಲ್ಲವೋ ಎಂದು ಹೋಲಿಸುತ್ತಾರೆ. ನಡುವೆ ಒಂದು ಸಲ ಎದ್ದು ಕೂತರೂ ಆ ಮನುಷ್ಯನ ಲೆಕ್ಕ ಬಿಟ್ಟಂತೆಯೇ.

ಈಗ ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು. ಅಪ್ಪ ತೀರಿದ ಮೇಲೆ ನನಗೂ ತಂಗಿಗೂ ಅವರೇ ಹಿರಿಯರು. ಎಂಬತ್ತು ದಾಟಿದ್ದಾರೆ, ಈಗಲೂ ನಾಗಣಸೂರಿನ ಹೊಲದ ಬದುವಿನ ಮೇಲೆ ನೆಟ್ಟಗೆ ನಡೆಯುತ್ತಾರೆ. ಅವರು ಒಳಗೆ ಬಂದರೆ ನಮ್ಮ ಮನೆಯಲ್ಲಿ ಕೂತವರೆಲ್ಲ ಏಳುತ್ತಾರೆ. ಹೀಗೆ ಮಾಡಿರೆಂದು ಅವರು ಯಾವತ್ತೂ ಹೇಳಿದವರಲ್ಲ, ಏಳಬೇಡಿರೆಂದೂ ಹೇಳಿದವರಲ್ಲ. ಉಣ್ಣುತ್ತಿದ್ದವರು ತಾಟಿನ ಮುಂದೆ ಅರ್ಧ ಏಳುತ್ತಾರೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ನನ್ನ ಕಾಕಾನ ಮಗ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತದ್ದನ್ನು ನಾನೇ ನೋಡಿದ್ದೇನೆ. ಅವರ ಕೆಮ್ಮು ಕೇಳಿದರೆ ನಮ್ಮ ಮೊಣಕಾಲು ತಾನಾಗಿ ನೆಟ್ಟಗಾಗುತ್ತದೆ, ತಲೆಗೆ ಆಮೇಲೆ ಗೊತ್ತಾಗುತ್ತದೆ.

ತಂಗಿಯ ಹೊಸ ಕೆಲಸದ ಸುದ್ದಿ ಕೇಳಿದಾಗ ಅವರಿಗೆ ಖುಷಿಯೇನೂ ಆಗಲಿಲ್ಲ. "ನಮ್ಮ ತಾಲೂಕಿನಾಗ ಮೋತಿಬಿಂದು ಆದವರು ದವಾಖಾನಿ ಮುಂದ ಪಾಳಿ ಹಚ್ಚಿ ಕುಂತಾರ. ಆಕಾಶಕ್ಕ ಹೋಗಾವರ ಕಣ್ಣು ನಿನಗ್ಯಾಕವ್ವಾ?" ಎಂದಿದ್ದರು. "ಎರಡೂ ಮಾಡ್ತೀನ್ರಿ ದೊಡ್ಡಪ್ಪಾರ" ಎಂದಿದ್ದಳು ಅವಳು. ಮಾಡುತ್ತಲೂ ಇದ್ದಳು. ಬೆಳಿಗ್ಗೆ ಮುದುಕ ಮುದುಕಿಯರ ಕಣ್ಣಿನ ಪೊರೆ ತೆಗೆಯುವುದು, ಮಧ್ಯಾಹ್ನದ ಮೇಲೆ ಮೇಲಂತಸ್ತಿಗೆ ಹೋಗಿ ಇಳಿಜಾರು ಮಂಚದವರನ್ನು ನೋಡಿಕೊಳ್ಳುವುದು. ಆದರೆ ದೊಡ್ಡಪ್ಪ ಆ ಮಾತಿಗೆ ಹೂಂ ಎನ್ನಲಿಲ್ಲ, ಅದು ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಹೀಗಿರುವಾಗ ಆ ಮಂಚದ ಮೇಲೆ ಮಲಗಿದ್ದ ಕುರನೂರಿನ ರೈತರೊಬ್ಬರಿಂದ ಕೆಲಸ ಕೆಟ್ಟಿತು. ಆಳು ಗಟ್ಟಿ, ಬಾಯಿ ಕಡಿಮೆ. ಸೊಂಟ ನೋಯುತ್ತದೆಂದು ಒಂದು ದಿನ ಅಂದವರಲ್ಲ. ಎರಡು ವಾರ ಇನ್ನೇನು ಮುಗಿಯಿತು ಎನ್ನುವಾಗ ಅವರ ಮಾವ, ಹೆಂಡತಿಯ ತಂದೆ, ಮಾತಾಡಿಸಲು ಬಂದರು. ಬಾಗಿಲಲ್ಲಿ ಮಾವನ ಟೋಪಿ ಕಂಡದ್ದೇ ತಡ, ಈ ಮನುಷ್ಯ ಚಾದರ ಎಳೆದು ಮೈ ಮುಚ್ಚಿಕೊಂಡು, ಕಾಲು ಕೆಳಗಿಟ್ಟು, ಬಗ್ಗಿ ಮಾವನ ಪಾದ ಮುಟ್ಟಿಬಿಟ್ಟರು. ತಲೆ ಎತ್ತಿದಾಗಲೇ ಅವರಿಗೆ ನೆನಪಾದದ್ದು. ನರ್ಸಬಾಯಿ "ಅರೇ ದೇವಾ!" ಎಂದು ಹಣೆ ಬಡಿದುಕೊಂಡಳು. ಯಾರೂ ಅವರನ್ನು ಬೈಯಲಿಲ್ಲ. ಅವರೇ ಕೂತು ಅತ್ತರು, ಮಾವ ಪಕ್ಕದಲ್ಲಿ ನಿಂತು ತಾನೇನು ತಪ್ಪು ಮಾಡಿದೆನೆಂದು ಎಲ್ಲರನ್ನೂ ಕೇಳುತ್ತಿದ್ದರು.

ಒಬ್ಬರು ಹೋದರೆ ಹೋಯಿತು ಎನ್ನುವ ಹಾಗಿರಲಿಲ್ಲ. ಎರಡೂ ಗುಂಪು ಸಮವಾಗಿ ತುಂಬಬೇಕು. ಉಳಿದ ಸಮಯದಲ್ಲಿ ಇನ್ನೊಬ್ಬನನ್ನು ಹುಡುಕಿ ಪೂರ್ತಿ ಮಲಗಿಸದಿದ್ದರೆ ಸೊಲ್ಲಾಪುರದ ಪಾಲನ್ನು ಲೆಕ್ಕದಿಂದಲೇ ಬಿಡುತ್ತೇವೆಂದು ದೊಡ್ಡ ತಂಡದವರು ತಿಳಿಸಿದರು. ಅಂದರೆ ಅಷ್ಟು ದಿನ ಅಷ್ಟು ಜನ ಮಲಗಿದ್ದೆಲ್ಲ ದಂಡ, ನನ್ನ ತಂಗಿಯ ಎರಡು ವರ್ಷವೂ ದಂಡ. ಅವತ್ತು ಸಂಜೆ ಅವಳು ನಮ್ಮ ಮನೆಗೆ ಬಂದು ತಾಟಿನ ಮುಂದೆ ಕೂತಳು, ರೊಟ್ಟಿ ಮುರಿದಳು, ಬಾಯಿಗೆ ಹಾಕಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಾ ಮಲಗ್ತೀನಿ" ಎಂದೆ.

ನನ್ನ ಹೆಂಡತಿ ಸಾರು ಬಡಿಸುವುದನ್ನು ನಿಲ್ಲಿಸಿ, "ಕಾಲು ಮ್ಯಾಲ ಮಾಡಿ ಮಲಗೂದು ನಿಮಗೇನು ಹೊಸಾದಲ್ಲ ಬಿಡ್ರಿ" ಎಂದಳು. ತಂಗಿ ನಗಲಿಲ್ಲ. "ನಿನ್ನಿಂದ ಆಗಂಗಿಲ್ಲ ಅಣ್ಣ. ಅರ್ಧಾ ತಾಸು ಒಂದು ಕಡೆ ಕೂಡೂ ಮನಷ್ಯಾ ಅಲ್ಲ ನೀ" ಎಂದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಗಂಗಿಲ್ಲ ಎಂದವರ ಮುಂದೆ ಮಾಡಿ ತೋರಿಸದೆ ನನಗೆ ಅನ್ನ ಸೇರುವುದಿಲ್ಲ. "ಆಗಂಗಿಲ್ಲ ಅನ್ನಾಕ ನೀ ಯಾರು? ಕಾಗದ ತಗೊಂಡು ಬಾ, ಸಹಿ ಹಾಕ್ತೀನಿ" ಎಂದೆ.

ಅವಳು ತಂಡದವರನ್ನು ಕೇಳಿದಳು. ಆರೋಗ್ಯ ಸರಿಯಿದ್ದರೆ ಅಡ್ಡಿಯಿಲ್ಲ, ಆದರೆ ನನ್ನ ಕಣ್ಣಿನ ತಪಾಸಣೆಗೆ ಅವಳು ಕೈ ಹಚ್ಚುವಂತಿಲ್ಲ, ಬೇರೆಯವರೇ ಮಾಡಬೇಕು ಎಂದರಂತೆ. ರಕ್ತ, ಹೃದಯ, ಕಣ್ಣು ಎಲ್ಲ ನೋಡಿದರು. ಎಲ್ಲದರಲ್ಲೂ ಪಾಸಾದೆ. ಅಂಗಡಿಯ ಕೆಲಸ ಹೆಂಡತಿ ವಹಿಸಿಕೊಂಡಳು. ಹೋಗುವ ಮುಂಚೆ ನಾನು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು, ಬಾಹ್ಯಾಕಾಶಕ್ಕೆ ಹೋಗುವವರು ಮಾಡುವುದನ್ನೇ ನಾನೂ ಮಾಡಲಿದ್ದೇನೆ, ನೆಲ ಬಿಡುವುದಿಲ್ಲ ಅಷ್ಟೇ ಎಂದು ಹೇಳಿ ಬಂದೆ. ಈ ಮಾತು ಎಲ್ಲಿಗೆ ಹೋಗಿ ಮುಟ್ಟೀತೆಂದು ಆಗ ಹೊಳೆಯಲಿಲ್ಲ.

ಮೊದಲನೆಯ ದಿನವೇ ನನ್ನ ಅಭಿಮಾನಕ್ಕೆ ಪೆಟ್ಟು ಬಿತ್ತು. ತೊಡೆಯ ಪಟ್ಟಿ ಯಾರಿಗೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ಮೊದಲೇ ಹಂಚಿಟ್ಟಿರುತ್ತಾರೆ. ನನಗೆ ಪಟ್ಟಿ ಬೇಕೇ ಬೇಕೆನ್ನಿಸಿತ್ತು. ಅದು ಬಟ್ಟೆ ತಾನೇ, ನನ್ನ ಕಸುಬಿನ ಸಾಮಾನು. ಒಂದನ್ನು ಕೈಯಲ್ಲಿ ಹಿಡಿದು ಎಳೆದು ನೋಡಿ, ಅಂಚು ಚೆನ್ನಾಗಿ ಕೂತಿದೆ ಎಂದು ನರ್ಸಬಾಯಿಗೆ ಪಾಠ ಕೂಡ ಮಾಡಿದ್ದೆ. ಅವಳು ನನ್ನ ಕೈಯಿಂದ ಅದನ್ನು ಕಸಿದು, "ಹೇ ತುಮಚ್ಯಾಸಾಠೀ ನಾಹೀ, ಕಾಕಾ" ಎಂದಳು. ಇದು ನಿಮಗಲ್ಲ. ನಾನು ಪಟ್ಟಿ ಕಟ್ಟುವವರ ಗುಂಪಲ್ಲ, ಬರೀ ಮಲಗುವವರ ಗುಂಪು. ಪಟ್ಟಿ ಪಕ್ಕದ ಮಂಚದ ಅಕ್ಕಲಕೋಟೆಯ ಪಿ.ಟಿ. ಮಾಸ್ತರರಿಗೆ ಹೋಯಿತು. ನಡುವೆ ಒಂದು ಪರದೆ. ಪರದೆಯ ಆಚೆ ಅವರು ಪಟ್ಟಿ ಕಟ್ಟಿಸಿಕೊಳ್ಳುವ ಸದ್ದು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಮಲಗುವುದೆಂದರೆ ಸುಖ ಎಂದು ತಿಳಿದವರು ಒಮ್ಮೆ ಆ ಮಂಚದ ಮೇಲೆ ಬಂದು ನೋಡಬೇಕು. ಇಳಿಜಾರು ನೋಡಲು ಇಷ್ಟೇ ಇಷ್ಟು, ಆದರೆ ಮೊದಲ ದಿನದ ಸಂಜೆಗೇ ಮೂಗು ಕಟ್ಟಿತು, ತಲೆ ಭಾರವಾಯಿತು. ನನ್ನ ದನಿ ಇನ್ನಾರದೋ ಆದಂತೆ ಕೇಳಿಸತೊಡಗಿತು. ಕನ್ನಡಿ ಕೇಳಿ ನೋಡಿಕೊಂಡರೆ ಮದುವೆ ಊಟ ಮಾಡಿ ಮಲಗೆದ್ದವನ ಮುಖ. ಕಾಲು ಮಾತ್ರ ದಿನದಿನಕ್ಕೆ ಒಣಗಿದವು. ಕಡಕ್ ರೊಟ್ಟಿ ಮಲಗಿಕೊಂಡು ತಿನ್ನಲು ಹೋಗಿ ಅದರ ಚೂರು ಕುತ್ತಿಗೆಯಿಂದ ಕಿವಿಯವರೆಗೆ ಹರಿದವು, ಮರುದಿನದಿಂದ ಮೆತ್ತನೆಯ ಚಪಾತಿ ಬಂತು. ಸೇಂಗಾ ಚಟ್ನಿ ತೂಕ ಮಾಡಿ ಕೊಡುತ್ತಿದ್ದರು. ಸೊಲ್ಲಾಪುರದವನಿಗೆ ಸೇಂಗಾ ಚಟ್ನಿ ತೂಕ ಮಾಡಿ ಕೊಡುವುದು ಎಂಥ ಶಿಕ್ಷೆ ಎಂದು ಬೇರೆ ಊರಿನವರಿಗೆ ತಿಳಿಯದು.

ದಿನಾ ಒಬ್ಬ ಹುಡುಗಿ ಯಂತ್ರ ತಳ್ಳಿಕೊಂಡು ಬಂದು, ನಾನು ಮಲಗಿದ್ದಂತೆಯೇ ಕಣ್ಣಿನ ಹಿಂದಿನ ಚಿತ್ರ ತೆಗೆಯುತ್ತಿದ್ದಳು. ಆಮೇಲೆ ಓದುವ ಪರೀಕ್ಷೆ, ಕೈಯಳತೆಯ ದೂರದಲ್ಲಿ ಮರಾಠಿ ಅಕ್ಷರದ ಸಾಲುಗಳು. ನಾನು ನಿಜಕ್ಕೂ ಹೆದರಿದ್ದು ಆ ಸಾಲುಗಳ ಮುಂದೆಯೇ. ಮೊದಲ ವಾರ ಮುಗಿಯುವ ಹೊತ್ತಿಗೆ ಎಲ್ಲಕ್ಕಿಂತ ಸಣ್ಣ ಸಾಲು ತುಸು ಕದಡಿದಂತೆ ಕಂಡಿತು. ಕಣ್ಣು ಕಿರಿದು ಮಾಡಿದೆ, ಹೋಗಲಿಲ್ಲ. ತಂಗಿ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದಳು. ಅವಳಿಗೆ ಹೇಳಿದೆ.

"ಇದನ್ನ ನೋಡಾಕನ ಮಲಗಿಸೀವಿ ಅಣ್ಣ. ಎದ್ದ ಮ್ಯಾಲ ಹೋಗ್ತದ. ಅಂಜಿಕಿ ಬಂದ್ರ ಈಗ ಹೇಳು, ಬಿಡಿಸ್ತೀನಿ. ನನ್ನ ಸಲುವಾಗಿ ಮಲಗಬ್ಯಾಡ" ಎಂದಳು.

ಅವಳ ಮುಖ ನನ್ನ ಪಾದಗಳ ನಡುವೆ ಅರ್ಧವೇ ಕಾಣುತ್ತಿತ್ತು. ಆದರೂ ಅವಳು ನಿಜವಾಗಿ ಬಿಡಿಸಲು ತಯಾರಿದ್ದಾಳೆಂದು ತಿಳಿಯಿತು. ಅವಳ ಎರಡು ವರ್ಷದ ದುಡಿಮೆ ನನ್ನ ಒಂದು ಹೂಂನಲ್ಲಿ ಮುಗಿಯುವುದಿತ್ತು, ಆ ಹೂಂ ಹೇಳಲು ಅವಳೇ ದಾರಿ ಬಿಟ್ಟು ನಿಂತಿದ್ದಳು. ಅಂಥ ಡಾಕ್ಟರು ನನ್ನ ತಂಗಿ ಎಂದು ಅವತ್ತು ನನಗಾದ ಹೆಮ್ಮೆಯನ್ನು ಅಂಗಡಿಯಲ್ಲಿ ಎಷ್ಟು ಕೂಗಿ ಹೇಳಿದರೂ ತೀರುವುದಿಲ್ಲ. "ಹೋಗು, ನಿನ್ನ ಪೇಷಂಟ್ ನೋಡಹೋಗು" ಎಂದು ಗದರಿಸಿ ಕಳಿಸಿದೆ.

ಇತ್ತ ನಾನು ಪೇಟೆಯಲ್ಲಿ ಬಿತ್ತಿ ಬಂದ ಸುದ್ದಿ ಊರೂರು ತಿರುಗಿತ್ತು. ತಲೆ ಕೆಳಗೆ ಮಾಡಿ ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ, ಎದ್ದು ಕೂಡಲು ಬಿಡುವುದಿಲ್ಲ, ಬಾಯಿಗೆ ಹುಲ್ಲುಕಡ್ಡಿಯಂಥ ನಳಿಕೆಯಲ್ಲಿ ನೀರು ಎಂದಮೇಲೆ ನಮ್ಮ ಕಡೆಯ ಜನ ಏನು ತಿಳಿಯಬೇಕು? ಲಕ್ವಾ ಹೊಡೆದಿದೆ ಎಂದೇ ತಿಳಿದರು. ನಮ್ಮಲ್ಲಿ ಕಾಯಿಲೆಯವರನ್ನು ಮಾತಾಡಿಸಿ ಬರದಿದ್ದರೆ ಆಮೇಲೆ ಮುಖ ತೋರಿಸುವ ಹಾಗಿಲ್ಲ. ಸಂಜೆಯ ಭೇಟಿಯ ಹೊತ್ತಿಗೆ ಬಿಸ್ಕಿಟ್ ಪುಡಿಕೆ, ಬಾಳೆಹಣ್ಣು, ಎಳನೀರು ಹಿಡಿದ ಜನ ಮೇಲಂತಸ್ತಿನ ಮೆಟ್ಟಿಲ ತುಂಬ. ನನ್ನ ಊದಿದ ಮುಖ ನೋಡಿ ಅವರ ಅನುಮಾನ ಇನ್ನೂ ಗಟ್ಟಿಯಾಗುತ್ತಿತ್ತು. ಹೊರಗೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಯಾರೋ ಸಣ್ಣ ದನಿಯಲ್ಲಿ, "ಯಾವ ಬಾಜೂ ಹೋಗೇದ್ರಿ ಅಕ್ಕಾರ?" ಎಂದು ಕೇಳಿದರಂತೆ. "ಎರಡೂ ಬಾಜೂ ಛಲೋ ಅದಾವ್ರಿ. ತಲಿ ಒಂದ ಮೊದಲಿಂದ ಹಂಗ ಅದ" ಎಂದಳಂತೆ ನನ್ನ ಹೆಂಡತಿ.

ಬಂದವರಲ್ಲಿ ಯಾರೂ ನಾನು ಎದ್ದು ನಿಲ್ಲಬೇಕಾದಂಥವರಲ್ಲ, ಅದೊಂದು ಪುಣ್ಯ. ಆದರೆ ಸುದ್ದಿ ನಾಗಣಸೂರಿಗೆ ಮುಟ್ಟದೆ ಇರುತ್ತದೆಯೇ? ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಹೆಂಡತಿ ಏದುಸಿರು ಬಿಡುತ್ತ ಬಂದಳು. "ದೊಡ್ಡಪ್ಪಾರು ಅಕ್ಕಲಕ್ವಾಟಿಂದ ಬಸ್ ಹತ್ಯಾರಂತ. ಸಂಜೀಗೆ ಇಲ್ಲಿ ಇರ್ತಾರ" ಎಂದಳು. ಹಿಂದೆಯೇ ತಂಗಿ ಬಂದಳು. ಅವಳ ಮುಖ ಬಿಳಿಚಿತ್ತು. ಕುರನೂರಿನವರು ಮಾವನ ಕಾಲು ಮುಟ್ಟಿದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು ಎಂದು ನೋಡಿದವರಿಗೆ ತಿಳಿಯುತ್ತಿತ್ತು. ನನ್ನ ಮಂಚವೋ ಯಂತ್ರದ ಅನುಕೂಲಕ್ಕಾಗಿ ಕಾಲು ಬಾಗಿಲ ಕಡೆ ಮಾಡಿ ಇಟ್ಟದ್ದು. ಒಳಗೆ ಬಂದವರಿಗೆ ಮೊದಲು ಕಾಣುವುದೇ ನನ್ನ ಅಂಗಾಲು.

"ಕೆಳಗ ಗೇಟಿನಾಗ ನಿಲ್ಲಸೂಣೇನು?" ಎಂದಳು ತಂಗಿ.

ಆ ವಯಸ್ಸಿನಲ್ಲಿ ಎರಡು ಬಸ್ ಬದಲಿಸಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸಿ ತಿರುಗಿ ಕಳಿಸುವುದೇ? ಹಾಗಾದರೆ ನಿದ್ದೆ ಬಂದಂತೆ ಕಣ್ಣು ಮುಚ್ಚಿ ಮಲಗಿರಿ ಎಂದಳು ಹೆಂಡತಿ. ನನಗೆ ರೇಗಿತು. "ಕಳ್ಳನಂಗ ಮಲಗಬೇಕೇನು? ನನ್ನ ತಂಗಿ ಏನು ಕಳುವಿನ ಕೆಲಸ ಮಾಡಾಕತ್ತಾಳೇನು? ಬರ್ಲಿ. ಕಣ್ಣು ತಗದ ಮಲಗಿರ್ತೀನಿ" ಎಂದೆ. ಬಾಯಿಗೇನು, ಹೇಳಿತು. ಮೈ ಕೇಳುತ್ತದೋ ಇಲ್ಲವೋ ನನಗೆ ನಂಬಿಕೆ ಇರಲಿಲ್ಲ. ನನ್ನನ್ನು ಮಂಚಕ್ಕೆ ಕಟ್ಟಿಹಾಕಿ ಎಂದು ನರ್ಸಬಾಯಿಗೆ ಕೇಳಿಯೂ ನೋಡಿದೆ. ಆಗುವುದಿಲ್ಲ ಎಂದು ತಲೆಯಾಡಿಸಿದಳು. ಪರದೆಯ ಆಚೆಯಿಂದ ಪಿ.ಟಿ. ಮಾಸ್ತರರು, "ಮಂಚದ ಕಬ್ಬಿಣ ಗಟ್ಟಿ ಹಿಡೀರಿ ಶೇಟಜೀ. ಏಳಾಕ ಹೊಂಟ್ರ ನಾ ಸೀಟಿ ಹೊಡೀತೀನಿ" ಎಂದರು.

ಸಂಜೆ ಬಾಗಿಲಾಚೆ ಚಪ್ಪಲಿ ಬಿಡುವ ಸದ್ದಾಯಿತು. ಆಮೇಲೆ ಆ ಕೆಮ್ಮು. ನನ್ನ ಬೆನ್ನು ತಾನಾಗಿ ಏಳಲು ಹೊರಟಿತು. ಎರಡೂ ಕೈಯಿಂದ ಮಂಚದ ಕಬ್ಬಿಣ ಹಿಡಿದೆ. ಬಿಳಿ ಧೋತರ, ತಲೆಗೆ ಪಟಕಾ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅಕ್ಕಲಕೋಟೆಯ ಮಠದಿಂದ ತಂದ ಅಂಗಾರ ಭಸ್ಮದ ಪೊಟ್ಟಣ. ಒಳಗೆ ಬಂದ ದೊಡ್ಡಪ್ಪ ನನ್ನ ಅಂಗಾಲಿನ ಎದುರು ನಿಂತರು. ಹೆಂಡತಿ, ತಂಗಿ, ನರ್ಸಬಾಯಿ ಎಲ್ಲ ನಿಂತಿದ್ದರು. ಮಲಗಿದ್ದವನು ನಾನೊಬ್ಬನೇ.

"ದೊಡ್ಡಪ್ಪಾರ, ನಾ ಏಳಂಗಿಲ್ರಿ" ಎಂದೆ.

ಹುಟ್ಟಿದಾಗಿನಿಂದ ಅವರಿಗೆ ಇಂಥ ಮಾತು ಹೇಳಿದವನಲ್ಲ. ಅವರು ನನ್ನ ಪಾದ ನೋಡಿದರು, ಪಾದದ ಆಚೆ ತಗ್ಗಿನಲ್ಲಿದ್ದ ನನ್ನ ಊದಿದ ಮುಖ ನೋಡಿದರು. ತಿರುಗಿ ಹೊರಗೆ ಹೋದರು.

ನನ್ನ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿನಲ್ಲಿದ್ದವನ ಕಣ್ಣೀರು ಕೆನ್ನೆಗೆ ಬರುವುದಿಲ್ಲ, ಹಣೆಯ ಬದಿಗೆ ಹರಿದು ಕೂದಲಿಗೆ ಹೋಗುತ್ತದೆ. ಒರೆಸಿಕೊಳ್ಳಲೂ ಇಲ್ಲ. ಕೈ ಬಿಟ್ಟರೆ ಎದ್ದು ಅವರ ಹಿಂದೆ ಓಡಿಬಿಡುತ್ತೇನೆಂದು ಹೆದರಿಕೆ. ತಂಗಿ ಹೊರಗೆ ಹೋದಳು, ಬಾಗಿಲು ಅರ್ಧ ತೆರೆದೇ ಇತ್ತು.

"ಅವನಿಗೆ ಏನಾಗೇದವ್ವಾ? ಖರೇ ಹೇಳು" ಎಂಬ ಅವರ ದನಿ ಕೇಳಿತು. ಆಗ ನನಗೆ ಗೊತ್ತಾಯಿತು, ಅವರು ಸಿಟ್ಟಾಗಿ ಹೋದದ್ದಲ್ಲ, ನನ್ನ ಮುಂದೆ ಕೇಳಬಾರದೆಂದು ಹೋದದ್ದು.

"ಏನೂ ಆಗಿಲ್ರಿ. ನನ್ನ ಕೆಲಸಕ್ಕ ಮಲಗ್ಯಾನ. ಎದ್ರ ಇಷ್ಟು ಮಂದಿ ಮಾಡಿದ್ದು ಎಲ್ಲಾ ಹೋಗ್ತದ್ರಿ" ಎಂದಳು ತಂಗಿ. ಆಮೇಲೆ ಎಲ್ಲ ಹೇಳಿದಳು. ಮೇಲೆ ಹೋದವರ ತಲೆಗೆ ನೀರು ಏರುವುದು, ಕಣ್ಣಿನ ಹಿಂದಿನ ನರ ಬಾವು ಬರುವುದು, ಹತ್ತಿರದ ಯಂತ್ರಗಳ ಮುಳ್ಳು, ಅಂಕಿ, ಅಕ್ಷರ ಮಸುಕಾಗುವುದು. ಅವಳು ದೊಡ್ಡಪ್ಪನ ಮುಂದೆ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಅವಳು ಮುಗಿಸಿದ ಮೇಲೆ ದೊಡ್ಡಪ್ಪ ಕೇಳಿದರು. "ಮ್ಯಾಲ ಹೋಗ್ತಾರಲ್ಲ, ಅವರಿಗೆ ಮನ್ಯಾಗ ತಾಯಿ ಇರ್ತಾಳೇನು?"

"ಇರ್ತಾಳಲ್ರಿ."

"ಮತ್ತ ತಿರುಗಿ ಬಂದ ಮ್ಯಾಲ ತಾಯಿ ಮಾರಿ ನಿಚ್ಚಳ ಕಾಣಬೇಕಲ್ಲವ್ವಾ" ಎಂದರು.

ಅವರು ಮತ್ತೆ ಒಳಗೆ ಬಂದರು. ಈ ಸಲ ಕಾಲಿನ ಕಡೆ ನಿಲ್ಲದೆ ಮಂಚ ಸುತ್ತಿ ತಲೆಯ ಕಡೆ ಬಂದರು. ಮಂಚಕ್ಕೂ ಗೋಡೆಗೂ ನಡುವೆ ಸಂದಿ ಸಣ್ಣದು. ಹೆಂಡತಿ ಕುರ್ಚಿ ತರಲು ಹೋದಳು, ಬೇಡವೆಂದು ಕೈ ಮಾಡಿದರು. ಕುರ್ಚಿಯಲ್ಲಿ ಕೂತರೆ ನಾನು ಅವರ ಮುಖ ನೋಡಲು ಕುತ್ತಿಗೆ ಎತ್ತಬೇಕಾಗುತ್ತಿತ್ತು. ಕೋಲನ್ನು ಗೋಡೆಗೆ ಆನಿಸಿ, ಗೋಡೆ ಹಿಡಿದುಕೊಂಡು, ಒಂದು ಮೊಣಕಾಲು ಊರಿ, ಆಮೇಲೆ ಇನ್ನೊಂದು ಊರಿ, ನೆಲದ ಮೇಲೆ ಕೂತರು. ನಮ್ಮ ಮನೆಯಲ್ಲಿ ಯಾರೂ ಅವರು ತಮಗಿಂತ ಕೆಳಗೆ ಕೂತದ್ದನ್ನು ನೋಡಿರಲಿಕ್ಕಿಲ್ಲ. ಅವರ ಮುಖ ನನ್ನ ಮುಖದ ಸಮಕ್ಕೆ ಬಂತು.

ಪೊಟ್ಟಣ ಬಿಚ್ಚಿ ಬೆರಳಿಗೆ ಅಂಗಾರ ತಗೊಂಡವರು ಅರ್ಧಕ್ಕೇ ನಿಂತು ತಂಗಿಯ ಕಡೆ ನೋಡಿದರು. "ಹಚ್ಚಬಹುದೇನವ್ವಾ? ಡಾಕ್ಟರ್ ನೀನು. ನೀ ಹೂಂ ಅಂದ್ರ ಹಚ್ತೀನಿ."

ಅವಳು ಹೂಂ ಎಂದು ಗೋಣು ಹಾಕಿದಳು. ಕಣ್ಣಿಗೆ ಬೀಳದಂತೆ ಎಚ್ಚರದಿಂದ, ಹಣೆಯ ನಡುವೆ ಒಂದೇ ಚುಕ್ಕೆ ಹಚ್ಚಿದರು. ಹಣೆಯ ಬದಿಯ ಒದ್ದೆಯನ್ನು ತಮ್ಮ ಧೋತರದ ಚುಂಗಿನಿಂದ ಒರೆಸಿದರು. "ಏಳಬ್ಯಾಡ ತಮ್ಮಾ. ನಿನ್ನ ತಂಗಿ ಹೇಳೂತನಕ ಯಾರು ಬಂದ್ರೂ ಏಳಬ್ಯಾಡ" ಎಂದರು. ಆಮೇಲೆ ಆ ಸಂದಿಯಿಂದ ಅವರನ್ನು ಎಬ್ಬಿಸಲು ಹೆಂಡತಿ ಒಂದು ಕಡೆ, ನರ್ಸಬಾಯಿ ಒಂದು ಕಡೆ ಹಿಡಿದು ಸಾಕುಸಾಕಾದರು. ನಾನು ಮಲಗಿದಲ್ಲಿಂದಲೇ ಹೀಗೆ ಹಿಡೀರಿ, ಹಾಗೆ ಹಿಡೀರಿ ಎಂದು ಹುಕುಂ ಮಾಡುತ್ತಿದ್ದೆ.

ನನ್ನ ದಿನಗಳು ಮುಗಿದವು. ಕೊನೆಯ ತಪಾಸಣೆಯಾದ ಮೇಲೆ ಇಬ್ಬರು ಹಿಡಿದು ನಿಲ್ಲಿಸಿದರು. ಕೋಣೆ ಗರಗರ ತಿರುಗಿತು, ಕಾಲು ನನ್ನವೇ ಅಲ್ಲ ಎನ್ನಿಸಿತು. ತಂಗಿ ಬಂದು ನನ್ನ ತೋಳು ತನ್ನ ಹೆಗಲ ಮೇಲೆ ಹಾಕಿಕೊಂಡಳು. ತಪಾಸಣೆ ಮುಗಿದಿತ್ತಲ್ಲ, ಈಗ ಅವಳು ಮುಟ್ಟಬಹುದಿತ್ತು. ಕೆಲವು ವಾರಗಳಲ್ಲಿ ಸಣ್ಣ ಅಕ್ಷರ ಮೊದಲಿನ ಹಾಗೆ ಕಂಡವು. ನನ್ನ ಕಣ್ಣಿನ ಹಿಂದಿನ ಚಿತ್ರ ತೋರಿಸಿದಾಗ, ನರದ ಅಂಚು ತುಸು ಉಬ್ಬಿ ಆಮೇಲೆ ಇಳಿದದ್ದನ್ನು ಬೆರಳಿಟ್ಟು ವಿವರಿಸಿದರು. ನನಗೆ ಕಂಡದ್ದು ಕೇಸರಿ ಬಣ್ಣದ ಒಂದು ಚಂದ್ರ, ಅದರ ಮೇಲೆ ಹರಡಿದ ಕೆಂಪು ಗೆರೆಗಳು.

"ಪಟ್ಟಿ ಕಟ್ಟಿದವರು ಏನಾರೆ ಮಾಡಿದ್ರು ಅಂತ ಅನಬಹುದು. ನಾ ಏನ್ ಮಾಡಿದೆ? ಸುಮ್ಮನ ಬಿದ್ದಿದ್ದೆ" ಎಂದು ಗೊಣಗಿದೆ. ಆ ಕಿಚ್ಚು ಇನ್ನೂ ಆರಿರಲಿಲ್ಲ.

"ಸುಮ್ಮನ ಬಿದ್ದವರು ಇಲ್ಲದಿದ್ರ, ಪಟ್ಟಿ ಕಟ್ಟಿದವರಿಗೆ ಏನಾತಂತ ಯಾವುದಕ್ಕ ಹೋಲಿಸಿ ನೋಡೋದು ಅಣ್ಣ?" ಎಂದಳು. "ಪಟ್ಟಿ ಕೆಲಸ ಮಾಡ್ತದೋ ಇಲ್ಲೋ ಈಗ ಹೇಳಾಕ ಬರಂಗಿಲ್ಲ. ಎಲ್ಲಾ ಊರಿಂದೂ ಕೂಡಿಸಿ ನೋಡಬೇಕು, ಇನ್ನೂ ಭಾಳ ದಿನ ಹಿಡೀತದ. ಆದ್ರ ನಮ್ಮ ಸೊಲ್ಲಾಪುರದ್ದು ಲೆಕ್ಕದಾಗ ಬಂತು. ಯಾರದೂ ದಂಡ ಆಗಲಿಲ್ಲ." ಅಷ್ಟು ಹೇಳಿ ಮುಖ ತಿರುಗಿಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು.

ಆಮೇಲೆ ಜೋಳದ ರಾಶಿಯ ಹೊತ್ತಿಗೆ ನಾಗಣಸೂರಿಗೆ ಹೋಗಿದ್ದೆವು. ಪಡಸಾಲೆಯ ತುಂಬ ಜನ, ಬೀಗರು, ಪಕ್ಕದ ಊರಿನ ಹಿರಿಯರು. ಚಹಾ ಕುಡಿಯುತ್ತಿದ್ದ ಒಬ್ಬರು ನನ್ನನ್ನು ನೋಡಿ, "ಅದೇನೋ ಆಕಾಶಕ್ಕ ಹೋಗಾವರ ಕಣ್ಣಿನ ಸಲುವಾಗಿ ನೀವೂ ಏನೋ ಮಾಡಿದ್ರಂತಲ್ರಿ. ಏನ್ ಮಾಡಿದ್ರಿ?" ಎಂದು ಕೇಳಿದರು. ನನಗೆ ಇಷ್ಟೇ ಬೇಕಾಗಿತ್ತು. ಕಪ್ಪು ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡು, ತಂಗಿಯನ್ನು ಕನ್ನಡ ಸಾಲೆಗೆ ಸೇರಿಸಿದಲ್ಲಿಂದ ಶುರು ಮಾಡುವವನಿದ್ದೆ. ಅಷ್ಟರಲ್ಲಿ ಒಳಗಿನ ಬಾಗಿಲಿಂದ ದೊಡ್ಡಪ್ಪ ಬಂದರು. ಎಲ್ಲರೂ ಎದ್ದೆವು.

"ಅವನ್ನೇನು ಕೇಳ್ತೀರಿ, ನಾ ಹೇಳ್ತೀನಿ" ಎಂದರು ದೊಡ್ಡಪ್ಪ. "ಏನೂ ಮಾಡಲಿಲ್ಲ. ಮಲಗಿದ್ದ. ನಮ್ಮ ಹುಡುಗಿ ಡಾಕ್ಟರ್ ಅದಾಳ, ಏಳಬ್ಯಾಡ ಅಂದಿದ್ಲು." ಒಮ್ಮೆ ಎಲ್ಲರ ಮುಖವನ್ನೂ ನೋಡಿದರು. "ನಾ ಹೋದೆ. ಇವನ ಕಾಲ ಮುಂದ ಹೋಗಿ ನಿಂತೆ. ಏಳಲಿಲ್ಲ ನೋಡ್ರಿ! ನಾ ಹೋದ್ರೂ ಏಳಲಿಲ್ಲ!"